ಮೆಟ್ಟಿಲ ಪಾಠ: ಮನೆಯಲ್ಲಿಯೋ, ತರಗತಿಯಲ್ಲಿಯೋ?



ಕಾಲೇಜಿಗೆ ಅರ್ಜಿ ಹಾಕಿಕೊಂಡವರಲ್ಲಿ ಕೆಲವರಿಗೆ ಅರೆಬರೆ ಸಂತೋಷದ ಉತ್ತರವೊಂದು ಬರುವುದುಂಟು. ‘ನಿಮಗೆ ಪ್ರವೇಶ ಕೊಡಲು ಅಡ್ಡಿಯಿಲ್ಲ, ಆದರೆ ಅದಕ್ಕೆ ಮುಂಚೆ ಸಂಖ್ಯಾಶಾಸ್ತ್ರದಲ್ಲಿ ಒಂದು ಕೋರ್ಸು ಮುಗಿಸಿಕೊಂಡು ಬನ್ನಿ’ ಎಂಬುದು ಆ ಉತ್ತರದ ತಿರುಳು. ವಿದೇಶದ ವಿಶ್ವವಿದ್ಯಾನಿಲಯಗಳಿಗೆ ಸೇರಬಯಸುವ ನಮ್ಮ ಪದವೀಧರರಿಗೆ ಇದು ಪರಿಚಿತ ಸಂಗತಿ. ನಮ್ಮಲ್ಲಿಯೇ ಡಿಪ್ಲೊಮಾ ಮುಗಿಸಿ ನೇರವಾಗಿ ಇಂಜಿನಿಯರಿಂಗ್‌ನ ಎರಡನೆಯ ವರ್ಷಕ್ಕೆ ಸೇರುವವರು ಹೆಚ್ಚುವರಿ ಗಣಿತವನ್ನು ಪಾಸು ಮಾಡಿಕೊಳ್ಳಬೇಕಾಗುತ್ತದೆ. ಅಮೆರಿಕದಲ್ಲಂತೂ ನರ್ಸಿಂಗ್ ಸೇರುವವರಿಗೆ ಅಂಗರಚನಾಶಾಸ್ತ್ರ, ವೈದ್ಯಕೀಯ ಸೇರುವವರಿಗೆ ರಸಾಯನಶಾಸ್ತ್ರ, ಇಂಜಿನಿಯರಿಂಗ್ ಸೇರುವವರಿಗೆ ಕಲನಶಾಸ್ತ್ರ ಎಂದು ಇದೊಂದು ದೊಡ್ಡ ಪದ್ಧತಿಯೇ ಆಗಿ ಬೆಳೆದಿದೆ. ಮುಖ್ಯ ವ್ಯಾಸಂಗದ ಬಾಗಿಲು ತಲುಪುವ ಮೊದಲು ಹತ್ತಲೇಬೇಕಾದ ಈ ಪಾಠಗಳಿಗೆ ಅಲ್ಲಿ ‘ಪ್ರೀರಿಕ್ವಿಸಿಟ್’ ಎಂದು ಹೆಸರು. ಈ ಲೇಖನದ ಮಟ್ಟಿಗೆ ನಾವು ಅವನ್ನು ಮೆಟ್ಟಿಲ ಪಾಠಗಳೆಂದು ಕರೆಯೋಣ.

ಈಗ ಇಂಥ ಪಾಠವನ್ನು ಎರಡು ರೀತಿಯಲ್ಲಿ ಮುಗಿಸಬಹುದು. ದಿನವೂ ಬಸ್ಸು ಹಿಡಿದು ಕಾಲೇಜಿಗೆ ಹೋಗಿ ಬೆಂಚಿನ ಮೇಲೆ ಕೂರಬಹುದು. ಇಲ್ಲವೆ ಮನೆಯಲ್ಲೇ ಕೂತು ಕಂಪ್ಯೂಟರಿನ ಮೂಲಕ ಕಲಿಯಬಹುದು. ಎರಡನೆಯದು ಅಗ್ಗ, ಅನುಕೂಲ. ಹಾಗಿದ್ದರೆ ಯೋಚಿಸುವುದೇನಿದೆ ಎಂದು ನೀವು ಕೇಳಬಹುದು. ಯೋಚಿಸುವುದಿದೆ. ಈ ಪ್ರಶ್ನೆ ಕಂಪ್ಯೂಟರ್ ಬಂದ ಮೇಲೆ ಹುಟ್ಟಿದ್ದಲ್ಲ. ಅದಕ್ಕೆ ನೂರೆಂಬತ್ತು ವರ್ಷಕ್ಕೂ ಮೀರಿದ ಇತಿಹಾಸವಿದೆ. ಆ ಇತಿಹಾಸದಲ್ಲಿ ಒಂದೇ ಪಾಠ ಒಬ್ಬನನ್ನು ಮೇಲೆತ್ತಿ ಇನ್ನೊಬ್ಬನನ್ನು ಅಲ್ಲಿಯೇ ಬಿಟ್ಟುಬಂದ ಪ್ರಸಂಗಗಳು ಬೇಕಾದಷ್ಟಿವೆ.

ಮೊದಲು ಮೆಟ್ಟಿಲು ಯಾಕೆ ಬಂತೆಂದು ನೋಡೋಣ. 1893ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ಜಾನ್ಸ್ ಹಾಪ್ಕಿನ್ಸ್ ವೈದ್ಯಕೀಯ ಶಾಲೆ ಆರಂಭವಾದಾಗ, ಪದವಿ ಪಡೆದು, ವಿಜ್ಞಾನದ ತಳಹದಿ ಗಟ್ಟಿ ಮಾಡಿಕೊಂಡು ಬಂದವರಿಗೆ ಮಾತ್ರ ಪ್ರವೇಶ ಎಂದು ಸಾರಿತು. ಆ ಕಾಲಕ್ಕೆ ಇದು ಅತಿಯಾಯಿತೆಂದು ಅನೇಕರಿಗೆ ತೋರಿತು. ಆದರೆ 1910ರಲ್ಲಿ ಅಬ್ರಹಾಂ ಫ್ಲೆಕ್ಸ್‌ನರ್ ಎಂಬ ಶಿಕ್ಷಣತಜ್ಞರು ಅಮೆರಿಕ ಮತ್ತು ಕೆನಡಾದ 155 ವೈದ್ಯಕೀಯ ಶಾಲೆಗಳ ಸ್ಥಿತಿಗತಿಯನ್ನು ವಿವರಿಸಿ ವರದಿ ಪ್ರಕಟಿಸಿದಾಗ ನಿಜ ಬಯಲಾಯಿತು. ಎಷ್ಟೋ ಕಡೆ ಪ್ರೌಢಶಾಲೆಯನ್ನೂ ಸರಿಯಾಗಿ ಮುಗಿಸದವರು ವೈದ್ಯರಾಗಿ ಹೊರಬರುತ್ತಿದ್ದರು. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಇವನ್ನು ಪ್ರಯೋಗಶಾಲೆಯಲ್ಲಿ ಕೈಯಾರೆ ಕಲಿಯದವನಿಗೆ ವೈದ್ಯಶಾಸ್ತ್ರ ತಲೆಗೆ ಹತ್ತುವುದಿಲ್ಲ ಎಂಬ ಅವರ ವಾದ ಕ್ರಮೇಣ ನಿಯಮವೇ ಆಯಿತು. ಅಂದರೆ ಮೆಟ್ಟಿಲ ಪಾಠ ಬರೀ ಅಂಕಪಟ್ಟಿಯ ಒಂದು ಸಾಲಲ್ಲ. ಮುಂದಿನ ಪಾಠ ಅರ್ಥವಾಗುವುದೋ ಇಲ್ಲವೋ ಎಂಬುದನ್ನು ಅದೇ ತೀರ್ಮಾನಿಸುತ್ತದೆ.

ಅಂಚೆಯಣ್ಣ ತಂದ ಪಾಠ

ಮನೆಯಲ್ಲೇ ಕೂತು ಕಲಿಯುವ ಪದ್ಧತಿ ಅಂಚೆಯ ಜೊತೆಗೆ ಹುಟ್ಟಿತು. ನಮ್ಮ ಊರುಗಳ ಟೈಪಿಂಗ್ ಇನ್‌ಸ್ಟಿಟ್ಯೂಟುಗಳಲ್ಲಿ ಶಾರ್ಟ್‌ಹ್ಯಾಂಡ್ ಕಲಿತ ಹಿರಿಯರನ್ನು ಕೇಳಿದರೆ ಪಿಟ್‌ಮನ್ ಎಂಬ ಹೆಸರನ್ನು ತಟ್ಟನೆ ಹೇಳುತ್ತಾರೆ. ಇಂಗ್ಲೆಂಡಿನ ಐಸಾಕ್ ಪಿಟ್‌ಮನ್ 1837ರಲ್ಲಿ ತಮ್ಮ ಶೀಘ್ರಲಿಪಿಯನ್ನು ಪ್ರಕಟಿಸಿದರು. 1840ರಲ್ಲಿ ಆ ದೇಶದಲ್ಲಿ ಒಂದು ಪೆನ್ನಿಗೆ ಯಾವ ಊರಿಗಾದರೂ ಕಾಗದ ಕಳಿಸುವ ವ್ಯವಸ್ಥೆ ಬಂತು. ಪಿಟ್‌ಮನ್ ಅದನ್ನು ಕೂಡಲೇ ಹಿಡಿದುಕೊಂಡರು. ಬಾತ್ ಪಟ್ಟಣದಿಂದ ಅವರ ಪಾಠಗಳು ಅಂಚೆಯಲ್ಲಿ ಹೋಗುತ್ತಿದ್ದವು. ಕಲಿಯುವವರು ಬೈಬಲ್ಲಿನ ಭಾಗಗಳನ್ನು ಶೀಘ್ರಲಿಪಿಯಲ್ಲಿ ಬರೆದು ವಾಪಸು ಕಳಿಸುತ್ತಿದ್ದರು. ಅದು ತಿದ್ದುಪಡಿಯಾಗಿ ಮತ್ತೆ ಅವರ ಕೈಸೇರುತ್ತಿತ್ತು.

ಈ ಕೊನೆಯ ಮಾತನ್ನು ಗಮನಿಸಿ. ಪಾಠ ಕಳಿಸುವುದು ದೊಡ್ಡದಲ್ಲ, ಪುಸ್ತಕ ಅಚ್ಚಾದಾಗಿನಿಂದಲೂ ಪಾಠ ಮನೆಗೆ ಬರುತ್ತಲೇ ಇತ್ತು. ನಿಮ್ಮ ತಪ್ಪನ್ನು ಇನ್ನೊಬ್ಬರು ನೋಡಿ, ‘ಇಲ್ಲಿ ಎಡವಿದ್ದೀರಿ’ ಎಂದು ಗೆರೆ ಎಳೆದು ಕಳಿಸಿದ್ದೇ ಹೊಸದು. ಬಾಸ್ಟನ್ನಿನಲ್ಲಿ 1873ರಲ್ಲಿ ಆನಾ ಟಿಕ್‌ನರ್ ಎಂಬ ಮಹಿಳೆ ಸ್ಥಾಪಿಸಿದ ಸಂಘವೂ ಇದನ್ನೇ ನಂಬಿತ್ತು. ಕಾಲೇಜಿನ ಮುಖ ಕಾಣಲಾಗದ, ಮನೆವಾರ್ತೆಯಲ್ಲಿ ಮುಳುಗಿದ್ದ ಹೆಂಗಸರಿಗೆ ಓದು ಕಲಿಸುವುದು ಅದರ ಉದ್ದೇಶ. ಕಲಿಸುವವರೂ ಹೆಂಗಸರೇ. ಒಬ್ಬೊಬ್ಬ ವಿದ್ಯಾರ್ಥಿನಿಗೆ ಬೇರೆ ಬೇರೆಯಾಗಿ, ಅವಳ ಹೆಸರು ಹಿಡಿದು, ಕಾಗದ ಬರೆಯುತ್ತಿದ್ದರು. 24 ವರ್ಷಗಳಲ್ಲಿ 7,000ಕ್ಕೂ ಹೆಚ್ಚು ಹೆಂಗಸರು ಈ ಕಾಗದಗಳ ಮೂಲಕ ಓದಿದರು. ದೂರದಿಂದ ಕಲಿಯುವುದು ಎರಡನೆಯ ದರ್ಜೆಯ ಕಲಿಕೆ ಎಂದು ಮೂಗು ಮುರಿಯುವವರು ಈ ಹೆಂಗಸರನ್ನು ನೆನೆಯಬೇಕು. ಅವರಿಗೆ ಇನ್ನೊಂದು ದಾರಿಯೇ ಇರಲಿಲ್ಲ.

ಇದಕ್ಕೆ ವ್ಯತಿರಿಕ್ತವಾದ ಒಂದು ದಾರಿಯೂ ಆಗಲೇ ತೆರೆದಿತ್ತು. 1858ರಲ್ಲಿ ಲಂಡನ್ ವಿಶ್ವವಿದ್ಯಾನಿಲಯ, ಯಾವ ಕಾಲೇಜಿಗೂ ಸೇರದವರು ಕೂಡ ತನ್ನ ಪರೀಕ್ಷೆಗೆ ಕೂರಬಹುದೆಂದು ಒಪ್ಪಿತು. (ವೈದ್ಯಕೀಯಕ್ಕೆ ಈ ವಿನಾಯಿತಿ ಇರಲಿಲ್ಲ.) ಬಡವರಿಗೂ ಹೊರನಾಡಿನವರಿಗೂ ಇದೊಂದು ವರವಾಯಿತು, ಸಂದೇಹವಿಲ್ಲ. ಆದರೆ ಇಲ್ಲಿ ವಿಶ್ವವಿದ್ಯಾನಿಲಯ ಪರೀಕ್ಷಿಸುತ್ತಿತ್ತೇ ಹೊರತು ಕಲಿಸುತ್ತಿರಲಿಲ್ಲ. ಹೇಗೆ ಕಲಿತಿರಿ ಎಂದು ಕೇಳುವವರೂ ಇಲ್ಲ, ಯಾಕೆ ಕಲಿಯಲಾಗಲಿಲ್ಲ ಎಂದು ಕೇಳುವವರೂ ಇಲ್ಲ.

ಮೂರನೆಯದು ವ್ಯಾಪಾರದ ದಾರಿ. ಪೆನ್ಸಿಲ್ವೇನಿಯಾದ ಸ್ಕ್ರ್ಯಾಂಟನ್ ಸುತ್ತಮುತ್ತ ಕಲ್ಲಿದ್ದಲ ಗಣಿಗಳು. ಗಣಿ ಮೇಸ್ತ್ರಿಯಾಗಬೇಕಾದರೆ ಸರಕಾರದ ಪರೀಕ್ಷೆ ಪಾಸಾಗಬೇಕು. 1891ರಲ್ಲಿ ಥಾಮಸ್ ಫಾಸ್ಟರ್ ಎಂಬ ಪತ್ರಿಕಾ ಸಂಪಾದಕರು ಗಣಿ ಕಾರ್ಮಿಕರಿಗಾಗಿ ಅಂಚೆ ಮೂಲಕ ಪಾಠ ಶುರು ಮಾಡಿದರು. ಗಣಿಯಲ್ಲಿ ದುಡಿಯುವವನಿಗೆ ಲೆಕ್ಕ ಬಾರದೆಂದು ತಿಳಿದು ಅಂಕಗಣಿತದಿಂದಲೇ ಪಾಠ ಆರಂಭಿಸಿದರು. ಸೇರಿದವರ ಸಂಖ್ಯೆ ಲಕ್ಷಗಟ್ಟಲೆ ಏರಿತು. ಆದರೆ ಕೊನೆಯ ಪಾಠದವರೆಗೆ ಬಂದವರು ಅದರಲ್ಲಿ ಒಂದು ಸಣ್ಣ ಪಾಲು. ಶಿಕಾಗೋ ವಿಶ್ವವಿದ್ಯಾನಿಲಯದ ಮೊದಲ ಅಧ್ಯಕ್ಷರಾದ ವಿಲಿಯಂ ರೇನಿ ಹಾರ್ಪರ್ ಸ್ವತಃ ಅಂಚೆಯಲ್ಲಿ ಹೀಬ್ರೂ ಭಾಷೆ ಕಲಿಸಿದವರು. ಮುಂದೊಂದು ದಿನ ತರಗತಿಗಿಂತ ಅಂಚೆಯಲ್ಲೇ ಹೆಚ್ಚು ಕಲಿಕೆ ನಡೆಯುತ್ತದೆಂದು ಅವರು ಭವಿಷ್ಯ ನುಡಿದಿದ್ದರು. ಹಾಗಾಗಲಿಲ್ಲ. ಸ್ಕ್ರ್ಯಾಂಟನ್ನಿನಲ್ಲಿ ಕಂಡ ಆ ‘ಸೇರಿದವರು ಬಹಳ, ಮುಗಿಸಿದವರು ವಿರಳ’ ಎಂಬ ಲೆಕ್ಕ ಅಲ್ಲಿಂದ ಮುಂದೆ ಬಂದ ಪ್ರತಿಯೊಂದು ಯಂತ್ರದ ಬೆನ್ನಿಗೂ ಬಿತ್ತು.

ಸೂಕ್ಷ್ಮದರ್ಶಕವೂ ಅಂಚೆಯಲ್ಲಿ

ಈ ಲೆಕ್ಕವನ್ನು ಬದಲಿಸಲು ಗಂಭೀರವಾಗಿ ಯತ್ನಿಸಿದ್ದು ಬ್ರಿಟನ್ನಿನ ಮುಕ್ತ ವಿಶ್ವವಿದ್ಯಾನಿಲಯ. 1969ರಲ್ಲಿ ಅದಕ್ಕೆ ಸನ್ನದು ಸಿಕ್ಕಿತು; 1971ರ ಜನವರಿಯಲ್ಲಿ ಪಾಠ ಆರಂಭವಾಯಿತು. ಮೊದಲ ವರ್ಷವೇ ಸುಮಾರು 24,000 ಮಂದಿ ಸೇರಿದರು. ಯಾವ ಪ್ರಮಾಣಪತ್ರವನ್ನೂ ಕೇಳದೆ ಸೇರಿಸಿಕೊಳ್ಳುವುದು ಅದರ ನಿಯಮ. ಬಿ.ಬಿ.ಸಿ. ತನ್ನ ರೇಡಿಯೋ, ದೂರದರ್ಶನಗಳಲ್ಲಿ ಪಾಠ ಪ್ರಸಾರ ಮಾಡಿತು.

ಮೆಟ್ಟಿಲೇ ಇಲ್ಲದ ಈ ವಿಶ್ವವಿದ್ಯಾನಿಲಯ ಒಂದು ಕೆಲಸ ಮಾಡಿತು: ಮೆಟ್ಟಿಲನ್ನು ಬಾಗಿಲಿನ ಒಳಗೆ ಕಟ್ಟಿತು. ಕಲೆ, ಸಮಾಜ ವಿಜ್ಞಾನ, ಗಣಿತ, ವಿಜ್ಞಾನ ಎಂಬ ನಾಲ್ಕು ತಳಹದಿ ಕೋರ್ಸುಗಳಿಂದಲೇ ಎಲ್ಲರೂ ಆರಂಭಿಸಬೇಕಿತ್ತು. ವಿಜ್ಞಾನ ಆರಿಸಿಕೊಂಡವರ ಮನೆಗೆ ಅಂಚೆಯಲ್ಲಿ ಒಂದು ಪೆಟ್ಟಿಗೆ ಬರುತ್ತಿತ್ತು. ಅದರೊಳಗೆ ಪ್ರಯೋಗದ ಸಾಮಗ್ರಿ, ಜೊತೆಗೆ ಅಂಗೈಯಲ್ಲಿ ಹಿಡಿಯಬಹುದಾದ ಒಂದು ಪುಟ್ಟ ಸೂಕ್ಷ್ಮದರ್ಶಕ! ಅಡುಗೆಮನೆಯ ಮೇಜೇ ಪ್ರಯೋಗಶಾಲೆ. ಅಷ್ಟಕ್ಕೇ ನಿಲ್ಲಿಸಲಿಲ್ಲ. ಊರೂರಿನಲ್ಲಿ ಅಧ್ಯಯನ ಕೇಂದ್ರಗಳು, ಉತ್ತರ ತಿದ್ದಿ ಸಲಹೆ ಬರೆಯುವ ಉಪಾಧ್ಯಾಯರು, ಬೇಸಗೆಯಲ್ಲಿ ಒಂದು ವಾರ ಯಾವುದಾದರೂ ವಿಶ್ವವಿದ್ಯಾನಿಲಯದಲ್ಲಿ ತಂಗಿ ಕಲಿಯುವ ಶಿಬಿರ. ತಳಹದಿ ಕೋರ್ಸಿನವರು ಆ ಶಿಬಿರಕ್ಕೆ ಹೋಗಲೇಬೇಕು. ದೂರಶಿಕ್ಷಣವನ್ನೇ ಧ್ಯೇಯವಾಗಿ ಇಟ್ಟುಕೊಂಡ ಸಂಸ್ಥೆಯೊಂದು, ಮೆಟ್ಟಿಲ ಪಾಠದ ವಿಷಯ ಬಂದಾಗ ವಿದ್ಯಾರ್ಥಿಯನ್ನು ಒಂದು ವಾರವಾದರೂ ಎದುರಿಗೆ ಕೂರಿಸಿಕೊಳ್ಳಲು ಹಟ ಹಿಡಿದದ್ದು ನನಗೆ ಬಹು ಅರ್ಥಪೂರ್ಣವಾಗಿ ಕಾಣುತ್ತದೆ.

ನಮ್ಮ ದೇಶದ ಕತೆಯನ್ನು ಚುರುಕಾಗಿ ಹೇಳಿಬಿಡುತ್ತೇನೆ. ಡಾ. ಡಿ. ಎಸ್. ಕೊಠಾರಿ ಸಮಿತಿಯ ಸಲಹೆಯ ಮೇಲೆ 1962ರಲ್ಲಿ ದೆಹಲಿ ವಿಶ್ವವಿದ್ಯಾನಿಲಯ ಅಂಚೆ ಪಾಠ ಆರಂಭಿಸಿತು. 1969ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಅಂಚೆ ತೆರಪಿನ ಶಿಕ್ಷಣ ಬಂತು. 1996ರಲ್ಲಿ ಅದೇ ಬೆಳೆದು ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. 1985ರಲ್ಲಿ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯ. ಇನ್ನು ದೂರದರ್ಶನ. 1975ರ ಆಗಸ್ಟಿನಿಂದ ಒಂದು ವರ್ಷ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮ ಬಂತು. ಅವುಗಳಲ್ಲಿ ಅಂದಿನ ಗುಲಬರ್ಗಾ, ಬಿಜಾಪುರ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಇದ್ದವು. ಅದೇ ಪ್ರಯೋಗದಲ್ಲಿ ಪ್ರಾಥಮಿಕ ಶಾಲೆಯ ಸಹಸ್ರಾರು ಶಿಕ್ಷಕರಿಗೆ ವಿಜ್ಞಾನ ಕಲಿಸುವ ತರಬೇತಿ ನಡೆಯಿತು. ಅಲ್ಲಿಯೂ ಪರದೆಯ ಪಾಠದ ಜೊತೆಗೆ ಶಿಕ್ಷಕರು ಒಟ್ಟಿಗೆ ಕೂತು ಕೈಯಾರೆ ಮಾಡುವ ಚಟುವಟಿಕೆಗಳಿದ್ದವು. 1984ರ ಆಗಸ್ಟ್ 15ರಂದು ವಿಶ್ವವಿದ್ಯಾನಿಲಯ ಅನುದಾನ ಆಯೋಗದ ‘ದೇಶವ್ಯಾಪಿ ತರಗತಿ’ ದೂರದರ್ಶನದಲ್ಲಿ ಆರಂಭವಾಯಿತು. ನಿಮ್ಮ ತಂದೆ ತಾಯಿಯರಲ್ಲಿ ಕೆಲವರಾದರೂ ಮಧ್ಯಾಹ್ನದ ಹೊತ್ತು ಅದನ್ನು ನೋಡಿರಬೇಕು.

ನಮ್ಮ ಮನೆಯ ಅಟ್ಟದ ಮೇಲೆ ಬಹಳ ಕಾಲ ಎರಡು ಕಟ್ಟುಗಳಿದ್ದವು. ನನ್ನ ಅಣ್ಣ ನೌಕರಿಯಲ್ಲಿದ್ದುಕೊಂಡು ಅಂಚೆ ಮೂಲಕ ಬಿ.ಕಾಂ. ಓದುತ್ತಿದ್ದಾಗ ಬಂದ ಪಾಠಗಳವು. ವಾಣಿಜ್ಯ ಭೂಗೋಳದ ಹಾಳೆಗಳು ಓದಿ ಓದಿ ಅಂಚು ಸವೆದಿದ್ದವು. ಲೆಕ್ಕಶಾಸ್ತ್ರದ ಕಟ್ಟಿಗೆ ಸುತ್ತಿದ ದಾರವನ್ನು ಬಿಚ್ಚಿಯೇ ಇರಲಿಲ್ಲ. ಅಣ್ಣ ಸೋಮಾರಿಯಲ್ಲ. ಮೊದಲನೆಯ ಪಾಠದ ಮೂರನೆಯ ಲೆಕ್ಕ ತಾಳೆಯಾಗಲಿಲ್ಲ, ಯಾಕೆಂದು ಕೇಳಲು ಯಾರೂ ಸಿಗಲಿಲ್ಲ, ಅಷ್ಟೇ. ಸಂಪರ್ಕ ತರಗತಿಗೆ ರಜೆ ಸಿಗಲಿಲ್ಲ.

ಸ್ಯಾನ್ ಹೊಸೆಯ ಪ್ರಯೋಗ

ಈಗ ನಾವು ಅಣ್ಣನ ಅಟ್ಟದಿಂದ ಕ್ಯಾಲಿಫೋರ್ನಿಯಾಕ್ಕೆ ಹೋಗೋಣ. ಅಲ್ಲಿ ಇದೇ ತೊಂದರೆ, ಇನ್ನೂ ದೊಡ್ಡ ಪ್ರಮಾಣದಲ್ಲಿ, ಅಂಕಿ-ಅಂಶಗಳ ಸಮೇತ ದಾಖಲಾಗಿದೆ.

2011ರ ಶರತ್ಕಾಲದಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಸೆಬಾಸ್ಟಿಯನ್ ಥ್ರನ್ ಮತ್ತು ಅವರ ಸಂಗಾತಿ ಪೀಟರ್ ನಾರ್ವಿಗ್ ಕೃತಕ ಬುದ್ಧಿಮತ್ತೆಯ ಕೋರ್ಸನ್ನು ಅಂತರಜಾಲದಲ್ಲಿ ಎಲ್ಲರಿಗೂ ಉಚಿತವಾಗಿ ತೆರೆದರು. ಸುಮಾರು 1,60,000 ಮಂದಿ ಹೆಸರು ಬರೆಸಿದರು. ಸುಮಾರು 23,000 ಮಂದಿ ಮುಗಿಸಿದರು. ಮರುವರ್ಷ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆ, ಅಂದರೆ ಎಂ.ಐ.ಟಿ., ವಿದ್ಯುತ್ ಮಂಡಲಗಳ ಕೋರ್ಸನ್ನು ಹೀಗೆಯೇ ತೆರೆಯಿತು. ಅದನ್ನು ಕಲಿಸಿದವರು ಅನಂತ್ ಅಗರ್ವಾಲ್. ಮಂಗಳೂರಿನಲ್ಲಿ ಬೆಳೆದು, ಮದ್ರಾಸಿನ ಐ.ಐ.ಟಿ.ಯಲ್ಲಿ ಓದಿ ಅಮೆರಿಕಕ್ಕೆ ಹೋದವರು. ‘ಎಡ್‌ಎಕ್ಸ್’ ಎಂಬ ಸಂಸ್ಥೆಯ ಮೊದಲ ಮುಖ್ಯಸ್ಥರು. ಅವರ ಕೋರ್ಸಿಗೆ ಸುಮಾರು 1,55,000 ಮಂದಿ ಸೇರಿದರು. ಪ್ರಮಾಣಪತ್ರ ಪಡೆದವರು 7,157. ಮಂಗೋಲಿಯಾದ ಉಲಾನ್‌ಬಾತರ್‌ನ 15 ವರ್ಷದ ಹುಡುಗನೊಬ್ಬ ಅದರಲ್ಲಿ ಪೂರ್ಣ ಅಂಕ ಗಳಿಸಿ ಜಗತ್ತಿಗೇ ಸುದ್ದಿಯಾದ. ಅಂತರಜಾಲವಿದ್ದರೆ ಸಾಕು, ಕಾಲೇಜು ಬೇಡ ಎನ್ನುವವರಿಗೆ ಆ ಹುಡುಗನೇ ಸಾಕ್ಷಿಯಾದ. ಆದರೆ ಆ ಶಾಲೆಯ ಮುಖ್ಯೋಪಾಧ್ಯಾಯರೇ ಎಂ.ಐ.ಟಿ.ಯಲ್ಲಿ ಓದಿದವರು. ಅವರ ಕರೆಯ ಮೇರೆಗೆ ಅಮೆರಿಕದಿಂದ ಒಬ್ಬ ಸಂಶೋಧಕ ಉಪಕರಣಗಳ ಪೆಟ್ಟಿಗೆ ಹೊತ್ತು ಬಂದು ಮಕ್ಕಳಿಗೆ ಪ್ರಯೋಗ ಮಾಡಿಸಿದ್ದ. ಸುದ್ದಿಯ ತಲೆಬರಹದಲ್ಲಿ ಈ ಪೆಟ್ಟಿಗೆಗೆ ಜಾಗವಿರಲಿಲ್ಲ.

ಥ್ರನ್ ‘ಯುಡಾಸಿಟಿ’ ಎಂಬ ಕಂಪನಿ ಕಟ್ಟಿದರು. ಕ್ಯಾಲಿಫೋರ್ನಿಯಾದ ಸರಕಾರಿ ವಿಶ್ವವಿದ್ಯಾನಿಲಯಗಳಲ್ಲಿ ಆಗ ಒಂದು ಸಂಕಟವಿತ್ತು. ಪ್ರವೇಶ ಪಡೆದ ಎಷ್ಟೋ ವಿದ್ಯಾರ್ಥಿಗಳಿಗೆ ಪ್ರೌಢಶಾಲೆಯ ಗಣಿತವೇ ಬರುತ್ತಿರಲಿಲ್ಲ. ಅಂಥವರು ಮೊದಲು ಪರಿಹಾರ ಗಣಿತದ ಪಾಠ ಮುಗಿಸಬೇಕು. ಒಂದು ವರ್ಷದಲ್ಲಿ ಮುಗಿಸಲಾಗದಿದ್ದರೆ ಕಾಲೇಜೇ ಕೈತಪ್ಪುವ ಭಯ. ತರಗತಿಗಳಲ್ಲೋ ಜಾಗವಿಲ್ಲ. ಈ ಮೆಟ್ಟಿಲ ಪಾಠಗಳನ್ನೇ ಅಂತರಜಾಲಕ್ಕೆ ವರ್ಗಾಯಿಸಿದರೆ ಹೇಗೆ? 2013ರ ಜನವರಿಯಲ್ಲಿ ರಾಜ್ಯಪಾಲ ಜೆರ್ರಿ ಬ್ರೌನ್ ಅವರ ಸಮ್ಮುಖದಲ್ಲಿ ಸ್ಯಾನ್ ಹೊಸೆ ರಾಜ್ಯ ವಿಶ್ವವಿದ್ಯಾನಿಲಯವೂ ಥ್ರನ್ ಅವರ ಕಂಪನಿಯೂ ಒಪ್ಪಂದ ಮಾಡಿಕೊಂಡವು. (ಅಮೆರಿಕದಲ್ಲಿ ರಾಜ್ಯಪಾಲರೆಂದರೆ ನಮ್ಮ ಮುಖ್ಯಮಂತ್ರಿಗಳಂತೆ ಆಡಳಿತ ನಡೆಸುವವರು.) ಪರಿಹಾರ ಗಣಿತ, ಬೀಜಗಣಿತ, ಪ್ರಾರಂಭಿಕ ಸಂಖ್ಯಾಶಾಸ್ತ್ರ ಎಂಬ ಮೂರು ಕೋರ್ಸುಗಳು, ಒಂದೊಂದರಲ್ಲೂ ನೂರರಷ್ಟು ವಿದ್ಯಾರ್ಥಿಗಳು, ಶುಲ್ಕ ಕೇವಲ 150 ಡಾಲರ್. ಆ ವಿದ್ಯಾರ್ಥಿಗಳಲ್ಲಿ ಅದೇ ಗಣಿತದಲ್ಲಿ ಮೊದಲೊಮ್ಮೆ ನಪಾಸಾದವರಿದ್ದರು, ಬಡ ಬಡಾವಣೆಯ ಪ್ರೌಢಶಾಲೆಯ ಮಕ್ಕಳಿದ್ದರು.

ಫಲಿತಾಂಶ ಬಂದಾಗ ಎಲ್ಲರೂ ಪೆಚ್ಚಾದರು. ಪರಿಹಾರ ಗಣಿತದಲ್ಲಿ ತೇರ್ಗಡೆಯಾದವರು ಶೇ. 29. ಬೀಜಗಣಿತದಲ್ಲಿ ಶೇ. 44, ಸಂಖ್ಯಾಶಾಸ್ತ್ರದಲ್ಲಿ ಶೇ. 51. ಅದೇ ವಿಶ್ವವಿದ್ಯಾನಿಲಯದ ತರಗತಿಯಲ್ಲಿ ಕೂತು ಕಲಿತವರಲ್ಲಿ ತೇರ್ಗಡೆಯ ಪ್ರಮಾಣ ಈ ಮೂರರಲ್ಲೂ ಶೇ. 74ಕ್ಕೆ ಕಡಿಮೆ ಇರಲಿಲ್ಲ. 2013ರ ಜುಲೈನಲ್ಲಿ ಪ್ರಯೋಗಕ್ಕೆ ತಡೆ ಬಿತ್ತು. ತಾವು ತಯಾರಿಸಿದ ಸರಕು ಅಷ್ಟೇನೂ ಒಳ್ಳೆಯದಾಗಿರಲಿಲ್ಲವೆಂದು ಅದೇ ವರ್ಷದ ಕೊನೆಗೆ ಥ್ರನ್ ಅವರೇ ಒಪ್ಪಿಕೊಂಡರು.

ಇಲ್ಲಿ ನ್ಯಾಯವಾಗಿ ಹೇಳಬೇಕಾದ ಮಾತೊಂದಿದೆ. ಎರಡು ಗುಂಪುಗಳೂ ಒಂದೇ ಬಗೆಯವಲ್ಲ. ಮೊದಲೇ ಎಡವಿದವರನ್ನು ಆನ್‌ಲೈನ್ ಗುಂಪಿಗೆ ಹಾಕಿ ಹೋಲಿಸುವುದು ಪೂರ್ತಿ ಸರಿಯಲ್ಲ. ಆದರೆ ಬೇಸಗೆಯಲ್ಲಿ ಅದೇ ಕೋರ್ಸುಗಳು ಮತ್ತೆ ನಡೆದಾಗ ಏನಾಯಿತೆಂದು ನೋಡಿ. ಈ ಸಲ ಸೇರಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ಪದವೀಧರರು. ಸಂಖ್ಯಾಶಾಸ್ತ್ರದಲ್ಲಿ ತೇರ್ಗಡೆ ಶೇ. 83ಕ್ಕೆ ಏರಿತು, ಬೀಜಗಣಿತದಲ್ಲಿ ಶೇ. 72 ದಾಟಿತು. ಪರಿಹಾರ ಗಣಿತದಲ್ಲಿ ಮಾತ್ರ ಅದೇ ಶೇ. 30ರ ಆಸುಪಾಸು! ಓದುವುದು ಹೇಗೆಂದು ಮೊದಲೇ ಗೊತ್ತಿದ್ದವರಿಗೆ ಪರದೆಯ ಪಾಠ ಚೆನ್ನಾಗಿಯೇ ಒಗ್ಗಿತು. ಅತ್ಯಂತ ಕೆಳಗಿನ ಮೆಟ್ಟಿಲಿನಲ್ಲಿ ನಿಂತವರಿಗೆ ಒಗ್ಗಲಿಲ್ಲ.

ಈ ಪ್ರಯೋಗವನ್ನು ಪರಿಶೀಲಿಸಿದ ವರದಿಯೊಂದು, ಫಲಿತಾಂಶವನ್ನು ಎಲ್ಲಕ್ಕಿಂತ ಹೆಚ್ಚಾಗಿ ನಿರ್ಧರಿಸಿದ್ದು ವಿದ್ಯಾರ್ಥಿಯ ಪರಿಶ್ರಮ ಎಂದು ತಿಳಿಸಿತು. ಎಷ್ಟು ಅಭ್ಯಾಸಗಳನ್ನು ಬಿಡಿಸಿ ಕಳಿಸಿದ ಎಂಬುದರ ಮೇಲೆ ಅವನ ಪಾಸು-ನಪಾಸು ನಿಂತಿತ್ತಂತೆ. ಇದನ್ನು ಕೇಳಿದ ಕೂಡಲೇ ‘ಸರಿಯಾಗಿ ಓದದವರ ತಪ್ಪು’ ಎನ್ನುವುದು ಸುಲಭ. ನನಗೆ ಹಾಗೆ ತೋರುವುದಿಲ್ಲ. ಪರಿಶ್ರಮ ಎಂಬುದು ಹುಟ್ಟಿನಿಂದ ಬಂದ ಆಸ್ತಿಯಲ್ಲ. ಸೋಮವಾರ ಹತ್ತು ಗಂಟೆಗೆ ಹಾಜರಿರಬೇಕು, ಪಕ್ಕದವಳು ಲೆಕ್ಕ ಬಿಡಿಸಿದ್ದಾಳೆ, ಮೇಷ್ಟ್ರು ಹೆಸರು ಹಿಡಿದು ಕರೆಯುತ್ತಾರೆ ಎಂಬ ಕಟ್ಟುಪಾಡಿನಿಂದಲೂ ಅದು ಹುಟ್ಟುತ್ತದೆ. ತರಗತಿಗೆ ಹೋದವನಿಗೆ ಅದು ಶುಲ್ಕದೊಳಗೇ ಸೇರಿ ಬಂದಿರುತ್ತದೆ. ಮನೆಯಲ್ಲಿ ಕೂತವನು ಅದನ್ನು ತಾನೇ ಹೊಂದಿಸಿಕೊಳ್ಳಬೇಕು.

ಅದೇ ಸ್ಯಾನ್ ಹೊಸೆಯಲ್ಲಿ, ಇದಕ್ಕೆ ಕೆಲವೇ ತಿಂಗಳ ಮುಂಚೆ, ಇನ್ನೊಂದು ಪ್ರಯೋಗ ನಡೆದಿತ್ತು. ಅನಂತ್ ಅಗರ್ವಾಲರ ವಿದ್ಯುತ್ ಮಂಡಲಗಳ ಪಾಠವನ್ನೇ 2012ರಲ್ಲಿ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಕೊಟ್ಟರು. ಅವರು ಮನೆಯಲ್ಲಿ ಪರದೆಯ ಮೇಲೆ ಪಾಠ ನೋಡಿ ಬರಬೇಕು. ತರಗತಿಯಲ್ಲಿ ಉಪನ್ಯಾಸವಿಲ್ಲ, ಗುಂಪುಗಳಾಗಿ ಕೂತು ಲೆಕ್ಕ ಬಿಡಿಸುವುದು. ಅಧ್ಯಾಪಕರು ನಡುವೆ ಓಡಾಡುತ್ತ ಸಿಕ್ಕುಗಳನ್ನು ಬಿಡಿಸುವುದು. ಹಿಂದೆ ಶೇ. 60ನ್ನೂ ಮುಟ್ಟದಿದ್ದ ತೇರ್ಗಡೆ ಶೇ. 91ಕ್ಕೆ ಹೋಯಿತು. ಒಂದೇ ಊರು, ಒಂದೇ ಕಾಲ, ಎರಡು ಕಡೆಯೂ ಪರದೆಯ ಪಾಠ. ಒಂದು ಕಡೆ ಪಾಠದ ಜೊತೆಗೆ ಮನುಷ್ಯರು ಎದುರಿಗಿದ್ದರು.

ಅದೇ ವಿಶ್ವವಿದ್ಯಾನಿಲಯದ ತತ್ತ್ವಶಾಸ್ತ್ರ ವಿಭಾಗದವರು ಮಾತ್ರ ಈ ಬೆರಕೆ ವಿಧಾನಕ್ಕೂ ಒಪ್ಪಲಿಲ್ಲ. ಹಾರ್ವರ್ಡಿನ ಪ್ರಸಿದ್ಧ ಪ್ರಾಧ್ಯಾಪಕ ಮೈಕೆಲ್ ಸ್ಯಾಂಡೆಲ್ ಅವರ ಉಪನ್ಯಾಸಗಳನ್ನು ತಮ್ಮ ತರಗತಿಯಲ್ಲಿ ಬಳಸಲು ನಿರಾಕರಿಸಿ 2013ರಲ್ಲಿ ಅವರಿಗೇ ಬಹಿರಂಗ ಪತ್ರ ಬರೆದರು. ಶ್ರೀಮಂತರ ಮಕ್ಕಳಿಗೆ ಎದುರಿಗೆ ನಿಂತು ಮಾತಾಡುವ ಗುರು, ಉಳಿದವರಿಗೆ ಆ ಗುರುವಿನ ಚಿತ್ರ ಎಂಬ ಎರಡು ಬಗೆಯ ವಿಶ್ವವಿದ್ಯಾನಿಲಯಗಳು ಹುಟ್ಟಿಕೊಳ್ಳುತ್ತವೆ ಎಂಬುದು ಅವರ ಆತಂಕ. ಇದು ತಮ್ಮ ನೌಕರಿ ಉಳಿಸಿಕೊಳ್ಳುವ ಮಾತೆಂದು ಟೀಕಿಸಿದವರೂ ಇದ್ದರು. ಇರಬಹುದು. ಆದರೂ ಆ ಆತಂಕ ಸುಳ್ಳಲ್ಲ.

ಒಂದು ಊರಿನ ಅನುಭವವನ್ನು ಹಿಡಿದು ಎಲ್ಲವನ್ನೂ ಅಳೆಯಬಾರದು, ನಿಜ. ಕೊಲಂಬಿಯಾ ವಿಶ್ವವಿದ್ಯಾನಿಲಯದ ಸಂಶೋಧಕರು ವಾಷಿಂಗ್ಟನ್ ರಾಜ್ಯದ ಸಮುದಾಯ ಕಾಲೇಜುಗಳ 40,000ಕ್ಕೂ ಹೆಚ್ಚು ವಿದ್ಯಾರ್ಥಿಗಳ ಸುಮಾರು 5,00,000 ಕೋರ್ಸು ದಾಖಲೆಗಳನ್ನು ಪರಿಶೀಲಿಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಎಲ್ಲ ಬಗೆಯ ವಿದ್ಯಾರ್ಥಿಗಳ ಸಾಧನೆಯೂ ಆನ್‌ಲೈನಿನಲ್ಲಿ ಸ್ವಲ್ಪ ಕುಗ್ಗಿತ್ತು. ಗಂಡು ಹುಡುಗರು, ಕಿರಿಯ ವಯಸ್ಸಿನವರು, ಕಪ್ಪು ಜನಾಂಗದವರು, ಮೊದಲೇ ಕಡಿಮೆ ಅಂಕ ಇದ್ದವರು ಇವರಲ್ಲಿ ಕುಸಿತ ಹೆಚ್ಚು. ಹಿಂದೆ ಬಿದ್ದವರು ಇನ್ನಷ್ಟು ಹಿಂದೆ ಬಿದ್ದಿದ್ದರು.

ನಮ್ಮಲ್ಲಿ 2020

ಕೊರೊನಾ ವರ್ಷದಲ್ಲಿ ಆಯ್ಕೆಯ ಪ್ರಶ್ನೆಯೇ ಇರಲಿಲ್ಲ. ಶಾಲೆ ಕಾಲೇಜುಗಳೆಲ್ಲ ಮುಚ್ಚಿದವು. ಜುಲೈ ತಿಂಗಳಲ್ಲಿ ದೂರದರ್ಶನದ ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳು ಆರಂಭವಾದವು. ಅದರ ಬೆನ್ನಿಗೇ ಆಗಸ್ಟಿನಲ್ಲಿ ‘ವಿದ್ಯಾಗಮ’ ಬಂತು. ಶಿಕ್ಷಕರು ಹಳ್ಳಿಗೇ ಹೋಗಿ ದೇವಸ್ಥಾನದ ಜಗಲಿ, ಅರಳಿಕಟ್ಟೆ, ಸಮುದಾಯ ಭವನ, ಎಲ್ಲೆಂದರಲ್ಲಿ ಮಕ್ಕಳನ್ನು ಗುಂಪಾಗಿ ಕೂರಿಸಿ ಕಲಿಸಿದರು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಬೇಕಾಯಿತು. 2021ರ ಜನವರಿಯಲ್ಲಿ ಮತ್ತೆ ಆರಂಭವಾಯಿತು. ಪರದೆಯ ಪಾಠ ಇದ್ದರೂ ಅರಳಿಕಟ್ಟೆ ಬೇಕಾಯಿತು. ಜನವರಿ 1ರಂದು ಬಾಗಿಲು ತೆರೆದಾಗ ಮೊದಲು ತರಗತಿಗೆ ಕರೆಸಿಕೊಂಡದ್ದು ಹತ್ತನೆಯ ತರಗತಿಯವರನ್ನು ಮತ್ತು ದ್ವಿತೀಯ ಪಿ.ಯು.ಸಿ.ಯವರನ್ನು. ಅವರೂ ಮೆಟ್ಟಿಲಿನ ಮೇಲೆ ನಿಂತವರೇ.

ಹಾಗಾದರೆ ನೀವು ಏನು ಮಾಡಬೇಕು? ನಿಮ್ಮ ಪರಿಸ್ಥಿತಿ ನನಗೆ ಗೊತ್ತಿಲ್ಲ. ಮನೆಯಲ್ಲಿ ಕಾಯಿಲೆಯವರಿದ್ದು ಬಿಟ್ಟು ಬರಲಾಗದವರು, ನೌಕರಿ ಮಾಡುತ್ತ ಓದುವವರು, ಹತ್ತಿರ ಕಾಲೇಜೇ ಇಲ್ಲದವರು, ಮೆಟ್ಟಿಲು ಹತ್ತಲು ನಿಜಕ್ಕೂ ಕಾಲು ಸಹಕರಿಸದವರು, ಇವರಿಗೆ ಆನ್‌ಲೈನ್ ಪಾಠ ಬಾಸ್ಟನ್ನಿನ ಆ ಕಾಗದಗಳಿದ್ದಂತೆ. ಹಿಂಜರಿಯದೆ ಸೇರಿಕೊಳ್ಳಲಿ. ಎರಡೂ ದಾರಿ ತೆರೆದಿರುವವರು ಮಾತ್ರ ಒಂದು ಕ್ಷಣ ನಿಲ್ಲಬೇಕು. ಆ ವಿಷಯದಲ್ಲಿ ನಿಮಗೆ ಈಗಾಗಲೇ ರುಚಿ ಇದೆಯೇ, ಪುಸ್ತಕ ಹಿಡಿದರೆ ತಾನಾಗಿ ಮುಂದೆ ಸಾಗುತ್ತದೆಯೇ? ಹಾಗಿದ್ದರೆ ಮನೆಯಲ್ಲೇ ಮುಗಿಸಿ, ಉಳಿದ ಹಣವನ್ನು ಬೇರೆ ಪುಸ್ತಕಕ್ಕೆ ಹಾಕಿ. ಆ ವಿಷಯದ ಹೆಸರು ಕೇಳಿದರೆ ಹೊಟ್ಟೆಯಲ್ಲಿ ಕಲಸಿದಂತಾಗುತ್ತದೆಯೇ, ಹಿಂದೊಮ್ಮೆ ನಪಾಸಾಗಿದ್ದೀರಾ? ಹಾಗಿದ್ದರೆ ಅಗ್ಗದ ದಾರಿಯೇ ದುಬಾರಿಯಾಗಬಹುದು. ಬಸ್ ಪಾಸು ಮಾಡಿಸಿಕೊಳ್ಳಿ. ಪ್ರಯೋಗಶಾಲೆಯ ವಿಷಯವಾದರೆ ಇನ್ನೂ ಹೆಚ್ಚು ಯೋಚಿಸಬೇಕು. ಬ್ಯೂರೆಟ್ಟಿನಿಂದ ಹನಿ ಬೀಳಿಸುವುದನ್ನು ಪರದೆಯ ಮೇಲೆ ನೂರು ಸಲ ನೋಡಿದರೂ ಬೆರಳು ಕಲಿಯುವುದಿಲ್ಲ.

ನಡುವಿನ ದಾರಿಯೂ ಉಂಟು. ಐ.ಐ.ಟಿ.ಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ಎರಡು ದಶಕಗಳ ಹಿಂದೆ ಆರಂಭಿಸಿದ ಎನ್.ಪಿ.ಟಿ.ಇ.ಎಲ್. ಪಾಠಗಳಿಗೆ ಅನೇಕ ಕಾಲೇಜುಗಳಲ್ಲಿ ಸ್ಥಳೀಯ ಘಟಕಗಳಿವೆ. ಅಲ್ಲಿಯ ಅಧ್ಯಾಪಕರೊಬ್ಬರು ಮಾರ್ಗದರ್ಶಕರಾಗಿರುತ್ತಾರೆ. ಅಂಥ ಘಟಕವಿಲ್ಲದಿದ್ದರೆ ಅದೇ ಪಾಠ ಓದುತ್ತಿರುವ ಇಬ್ಬರು ಗೆಳೆಯರನ್ನು ಹುಡುಕಿಕೊಂಡು, ವಾರಕ್ಕೆರಡು ಸಂಜೆ ಊರಿನ ಗ್ರಂಥಾಲಯದಲ್ಲಿ ಕೂರುವುದೆಂದು ಗೊತ್ತುಪಡಿಸಿಕೊಳ್ಳಿ.

ಇನ್ನೊಂದು ಮುಖ್ಯ ವಿಚಾರ. ನೀವು ಮುಂದೆ ಸೇರಲಿರುವ ಸಂಸ್ಥೆ ಆನ್‌ಲೈನ್ ಕೋರ್ಸನ್ನು ಒಪ್ಪುತ್ತದೆಯೇ? ಅಮೆರಿಕದಲ್ಲಿ ಒಂದೊಂದು ವೈದ್ಯಕೀಯ ಶಾಲೆಗೆ ಒಂದೊಂದು ನಿಯಮ. ಒಂದು ಒಪ್ಪಿದ್ದನ್ನು ಇನ್ನೊಂದು, ಅದರಲ್ಲೂ ಪ್ರಯೋಗದ ಭಾಗವನ್ನು, ಒಪ್ಪದಿರಬಹುದು. ನಮ್ಮಲ್ಲಿ ಅನುದಾನ ಆಯೋಗದ 2021ರ ನಿಯಮಾವಳಿ ಒಂದು ಸೆಮಿಸ್ಟರಿನ ಶೇ. 40ರವರೆಗಿನ ಕೋರ್ಸುಗಳನ್ನು ‘ಸ್ವಯಂ’ ಮೂಲಕ ಓದಲು ಅವಕಾಶ ಕೊಟ್ಟಿತು. ಆದರೆ ಯಾವ ಕೋರ್ಸು ಎಂಬುದನ್ನು ನಿಮ್ಮ ವಿಶ್ವವಿದ್ಯಾನಿಲಯ ಒಪ್ಪಿರಬೇಕು. ಶುಲ್ಕ ಕಟ್ಟುವ ಮೊದಲೇ ಪ್ರವೇಶ ವಿಭಾಗಕ್ಕೆ ಪತ್ರ ಬರೆದು, ಕೋರ್ಸಿನ ಹೆಸರು, ಕಲಿಸುವ ಸಂಸ್ಥೆ, ಪ್ರಯೋಗ ಇದೆಯೋ ಇಲ್ಲವೋ ಎಂಬುದನ್ನೆಲ್ಲ ತಿಳಿಸಿ ಕೇಳಿ. ಫೋನಿನಲ್ಲಿ ಸಿಕ್ಕ ‘ಆಗಬಹುದು’ ಸಾಲದು. ಬರಹದಲ್ಲಿ ಉತ್ತರ ತರಿಸಿಕೊಂಡು ಅಂಕಪಟ್ಟಿಗಳ ಜೊತೆಯಲ್ಲೇ ಇಟ್ಟುಕೊಳ್ಳಿ.